ಫಸ್ಟ್ ಕ್ಲಾಸ್, ಸಾಬ್

ಬಿಡುಗಡೆಯ ಮೆಡಿಕಲ್ ದಿನ ಡಾಕ್ಟರ್ ಸಾಹೇಬರು ಕಾಗದದಿಂದ ತಲೆ ಎತ್ತದೆ ಕೇಳಿದರು: "ಕೋಯಿ ತಕ್ಲೀಫ್?"

"ನಹೀಂ ಸಾಬ್, ಫಸ್ಟ್ ಕ್ಲಾಸ್" ಅಂದೆ. ಸಹಿ ಹಾಕಿದೆ.

ಆ ಬೆಳಿಗ್ಗೆ ಟ್ರಂಕಿನ ತಳದಲ್ಲಿ ಅಡಗಿಸಿಟ್ಟಿದ್ದ ಬಿ.ಪಿ. ಮಾತ್ರೆ ತೆಗೆದು, ಯಾರೂ ನೋಡದ ಹಾಗೆ ನುಂಗಿ ಹೋಗಿದ್ದೆ. ಆ ಮಾತ್ರೆ ಸೈನ್ಯದ ಡಾಕ್ಟರು ಬರೆದುಕೊಟ್ಟದ್ದಲ್ಲ. ರಜೆಗೆ ಬಂದಾಗ ಗದಗಿನಲ್ಲಿ ಖಾಸಗಿಯಾಗಿ ತೋರಿಸಿಕೊಂಡು, ಮುಂದಿನ ರಜೆಯವರೆಗೆ ಆಗುವಷ್ಟು ಕೊಂಡು ಒಯ್ಯುತ್ತಿದ್ದೆ. 2020ರ ಜುಲೈ ಕೊನೆಗೆ 26 ವರ್ಷದ ಸರ್ವೀಸ್ ಮುಗಿಸಿ ನಾಯಬ್ ಸುಬೇದಾರ್ ಆಗಿ ಪೆನ್ಶನ್ ಬಂದೆ. 2022ರ ನಾಗರ ಪಂಚಮಿಗೆ ಎರಡೂ ಕಿಡ್ನಿ ಕೈಬಿಟ್ಟವು. ಅಲ್ಲಿಂದ ಇಲ್ಲಿಯವರೆಗೆ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿದ್ದೇನೆ.

ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ದುಡಿದವರಿಗೆ ಮೊಣಕಾಲು ನೋವಿನ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ತುಂಡು ತುಂಡಾಗಿ ಜೋಡಿಸಿ ಕಟ್ಟುವ ಬೈಲಿ ಬ್ರಿಜ್ಜಿನ ಒಂದು ಪ್ಯಾನೆಲ್ ಎಂದರೆ ಸುಮಾರು 260 ಕಿಲೊ. ಆರು ಜನ ಒಟ್ಟಿಗೆ ಎತ್ತಬೇಕು, ಒಟ್ಟಿಗೆ ಇಳಿಸಬೇಕು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಸೆಂಟರಿನಲ್ಲಿ ರಂಗರೂಟಾಗಿದ್ದಾಗ ಶುರುವಾದ ಆ ಭಾರ, ಕೊನೆಯವರೆಗೆ ಹೆಗಲಿನಿಂದ ಇಳಿಯಲಿಲ್ಲ. ಸಂಸತ್ತಿನ ಮೇಲೆ ದಾಳಿ ಆದ ಮೇಲೆ, 2001ರ ಡಿಸೆಂಬರಿನಿಂದ ಆಪರೇಷನ್ ಪರಾಕ್ರಮ್. ರಾಜಸ್ಥಾನದ ಮರಳಿನಲ್ಲಿ ಮೊಣಕಾಲೂರಿ ಮೈನ್ ಹೂಳಿದೆವು. ಯುದ್ಧ ಆಗಲಿಲ್ಲ. ಮತ್ತೆ ಮೊಣಕಾಲೂರಿ ಒಂದೊಂದನ್ನೂ ಹುಡುಕಿ ತೆಗೆದೆವು. ಆಮೇಲೆ ಲಡಾಖ್. ಅಲ್ಲಿಂದ ಬರುವ ಹೊತ್ತಿಗೆ ಪಾಯಖಾನೆಯಲ್ಲಿ ಕೂತು ಏಳಲು ಗೋಡೆ ಹಿಡಿಯಬೇಕಾಗುತ್ತಿತ್ತು.

ಎಂ.ಐ. ರೂಮಿಗೆ, ಅಂದರೆ ಯೂನಿಟ್ಟಿನ ದವಾಖಾನೆಗೆ, ಹೋಗಬಹುದಿತ್ತು. ಹೋದರೆ ಬರೆಯುತ್ತಾರೆ, ಬರೆದರೆ ಪೂರ್ತಿ ಫಿಟ್ ಎಂಬ ಶೇಪ್-1 ದರ್ಜೆ ಹೋಗುತ್ತದೆ, ಕೆಟಗರಿ ಇಳಿದರೆ ಬಡ್ತಿ ತಪ್ಪುತ್ತದೆ. ಈ ಲೆಕ್ಕ ನಮ್ಮ ಬ್ಯಾರಕ್ಕಿನಲ್ಲಿ ಎಲ್ಲರಿಗೂ ಬಾಯಿಪಾಠ. ಹವಾಲ್ದಾರನಾಗಿಯೇ ಮನೆಗೆ ಹೋಗುವುದು ನನಗೆ ಒಪ್ಪಿಗೆ ಇರಲಿಲ್ಲ. ಅಪ್ಪ ಹಮಾಲಿ ಮಾಡಿ ಓದಿಸಿದವನು. ಮಗ ನಾಯಬ್ ಸುಬೇದಾರನಾಗಿ 'ಸಾಬ್' ಅನ್ನಿಸಿಕೊಂಡದ್ದನ್ನು ನೋಡಿ ಸಾಯಬೇಕೆಂದು ಅವನಿಗೂ ಇತ್ತು, ನನಗೂ ಇತ್ತು. ಹಾಗಾಗಿ ಪೇಟೆಯ ಔಷಧ ಅಂಗಡಿಯಲ್ಲಿ ಡೈಕ್ಲೋಫೆನಾಕ್ ಕೊಂಡೆ. ಮೊದಮೊದಲು ನೋವಿದ್ದ ದಿನ ಒಂದು. 2013ರ ನಂತರ ದಿನಾ ಎರಡು. ಅದೂ ಬಿ.ಪಿ. ಇದ್ದವನು.

ಈ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ, ವರ್ಷಗಟ್ಟಲೆ ನುಂಗಿದರೆ ಕಿಡ್ನಿಯನ್ನು ಒಳಗಿಂದೊಳಗೇ ಹಾಳು ಮಾಡುತ್ತವೆ, ಬಿ.ಪಿ. ಜೊತೆ ಸೇರಿದರೆ ಇನ್ನೂ ಬೇಗ. ಇದನ್ನು ನನಗೆ ಹೇಳಿದ್ದು ಕಿಡ್ನಿ ಡಾಕ್ಟರು, ಎಲ್ಲ ಮುಗಿದ ಮೇಲೆ. ಕಿಡ್ನಿಗೆ ಹಲ್ಲಿನಂತೆ ನೋವು ಬರುವುದಿಲ್ಲ. ಸಣ್ಣ ಸುಳಿವು ಕೊಡುತ್ತದೆ. ಮೂತ್ರದಲ್ಲಿ ನೊರೆ, ರಾತ್ರಿ ನಾಲ್ಕೈದು ಸಲ ಏಳುವುದು, ಬೆಳಿಗ್ಗೆ ಮುಖ ಬಾತಿರುವುದು, ಮೈ ತುರಿಕೆ, ಬಾಯಲ್ಲಿ ತುಕ್ಕಿನ ರುಚಿ. ಎಲ್ಲವೂ ನನಗೆ ಒಂದು ವರ್ಷದಿಂದ ಇತ್ತು. ಊರಿನ ಸವುಳು ನೀರು ಒಗ್ಗಿಲ್ಲ ಎಂದುಕೊಂಡೆ.

ಆ ಪಂಚಮಿಯ ರಾತ್ರಿಯದ್ದು ಬರೆಯುತ್ತೇನೆ.

ಪಂಚಮಿಗೆ ನಾಲ್ಕು ದಿನ ಮುಂಚೆಯೇ ಊಟ ಸೇರದಂತಾಗಿತ್ತು. ತಂಗಿ ತವರಿಗೆ ಬಂದಿದ್ದಳು. ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. ಬೆಲ್ಲದ ಪಾಕದ ವಾಸನೆಗೇ ನನಗೆ ಹೊಟ್ಟೆ ತೊಳಸಿ ಬರುತ್ತಿತ್ತು. ಕಾಲಿಗೆ ಬಾವು. ಹೆಂಡತಿ ಹುಬ್ಬಳ್ಳಿಗೆ ಹೋಗೋಣ ಅಂದಳು. ನಮ್ಮ ಅಣ್ಣ ಕೇಳಲಿಲ್ಲ. "ಹಬ್ಬದಾಗ ದವಾಖಾನಿ ಯಾಕ? ಅಶಕ್ತಿ ಆಗೇತಿ, ಎರಡು ಸಲಾಯಿನ್ ಹಚ್ಚಿಸಿದ್ರ ಎದ್ದು ಕುಂದರತಾನ" ಅಂದ. ಊರಿನಲ್ಲಿ ಸೂಜಿ ಚುಚ್ಚುವ ಒಬ್ಬರಿದ್ದಾರೆ. ಡಾಕ್ಟರ್ ಎಂದು ಎಲ್ಲರೂ ಕರೆಯುತ್ತಾರೆ. ಅವರು ಬಂದು ನಾಗದೇವರ ಪಟದ ಮೊಳೆಗೇ ಬಾಟಲಿ ತೂಗುಹಾಕಿದರು. ಮೊದಲ ದಿನ ಎರಡು ಬಾಟಲಿ, ಮರುದಿನ ಮೂರು. ರಕ್ತ ತೆಗೆಸಲಿಲ್ಲ, ಮೂತ್ರ ಎಷ್ಟು ಹೋಗುತ್ತಿದೆ ಎಂದು ಕೇಳಲಿಲ್ಲ. ಆ ಎರಡು ದಿನ ನನಗೆ ಮೂತ್ರ ಒಂದು ಲೋಟದಷ್ಟೂ ಆಗಿರಲಿಲ್ಲ. ಮೂತ್ರ ಹೋಗದ ಮನುಷ್ಯನ ಮೈಯೊಳಗೆ ಎರಡೂವರೆ ಲೀಟರ್ ನೀರು ಇಳಿಯಿತು. ಅದು ಎಲ್ಲಿಗೆ ಹೋಗಬೇಕು?

ಪುಪ್ಪುಸಕ್ಕೆ ಹೋಯಿತು. ಪಂಚಮಿ ರಾತ್ರಿ ಹನ್ನೊಂದರ ಸುಮಾರಿಗೆ ಮಲಗಲು ಆಗಲಿಲ್ಲ. ತಲೆ ದಿಂಬಿಗೆ ತಾಗಿದರೆ ಯಾರೋ ಬಾವಿಯಲ್ಲಿ ಅದ್ದಿ ಹಿಡಿದಂತೆ. ಎದ್ದು ಕೂತರೆ ಸ್ವಲ್ಪ ಉಸಿರು. ಆಮೇಲೆ ಕೂತರೂ ಇಲ್ಲ. ಬಾಗಿಲ ಚೌಕಟ್ಟಿಗೆ ಎರಡೂ ಕೈ ಕೊಟ್ಟು ನಿಂತೆ. ಎದೆಯೊಳಗೆ ಹುಕ್ಕಾ ಸೇದಿದಂತೆ ಗೊಳಗೊಳ ಸದ್ದು. ಕೆಮ್ಮಿದರೆ ನಸುಗೆಂಪು ನೊರೆ. ಓಣಿಯಲ್ಲಿ ಹುಡುಗರು ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಇನ್ನೂ ಆಡುತ್ತಿದ್ದರು. ಹಗ್ಗದ ಕಿರ್ ಕಿರ್ ಕೇಳಿಸುತ್ತಿತ್ತು. ಹೆಂಡತಿ ನನ್ನ ಬೆನ್ನು ನೀವುತ್ತ, "ರೀ, ನನ್ನ ಕಡೆ ನೋಡ್ರಿ, ಕಣ್ಣು ಮುಚ್ಚಬ್ಯಾಡ್ರಿ" ಎಂದು ಒಂದೇ ಸಮನೆ ಹೇಳುತ್ತಿದ್ದಳು. ಅಣ್ಣ "ಗ್ಯಾಸ್ ಏರಿರಬೇಕು, ಸೋಡಾ ತರ್ಲೇನು?" ಅಂದ. ಆಗ ಅವಳು ಅವನಿಗೆ ಅಂದ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. 24 ವರ್ಷದ ಸಂಸಾರದಲ್ಲಿ ಭಾವನ ಎದುರು ಸೆರಗು ಸರಿಮಾಡಿಕೊಳ್ಳದೆ ನಿಂತವಳಲ್ಲ ಅವಳು.

ಪಕ್ಕದ ಮನೆಯವರ ಬೊಲೆರೋದಲ್ಲಿ ಹಿಂದಿನ ಸೀಟಿನಲ್ಲಿ ಮುಂದಕ್ಕೆ ಬಾಗಿ ಕೂತೆ, ಹಣೆ ಎದುರಿನ ಸೀಟಿಗೆ ಆನಿಸಿ. ಗದಗ ದಾಟಿದ್ದು ಗೊತ್ತು. ಅಣ್ಣಿಗೇರಿಯ ದೀಪಗಳು ಕಂಡದ್ದು ಗೊತ್ತು. ಉಸಿರು ಎಣಿಸುತ್ತಿದ್ದೆ, ಹದಿನೇಳು, ಹದಿನೆಂಟು, ಮತ್ತೆ ಒಂದರಿಂದ. ಮೈನ್ ತೆಗೆಯುವಾಗ ಹಾಗೇ ಎಣಿಸುವ ಅಭ್ಯಾಸ ಇತ್ತು, ಕೈ ನಡುಗಬಾರದೆಂದು. ಸಾಯುತ್ತೇನೆ ಅನ್ನಿಸಲಿಲ್ಲ. ರಾಜಸ್ಥಾನದಲ್ಲಿ ಸಾಯದವನು ಸಲಾಯಿನ್ ಬಾಟಲಿಯಿಂದ ಸಾಯುತ್ತಿದ್ದೇನಲ್ಲ ಎಂಬ ಸಿಟ್ಟು ಮಾತ್ರ ಇತ್ತು. ಆ ಸಿಟ್ಟೇ ನನ್ನನ್ನು ಹುಬ್ಬಳ್ಳಿ ಮುಟ್ಟಿಸಿತು ಎಂದು ಈಗಲೂ ನಂಬಿದ್ದೇನೆ.

ಮೊದಲು ಕಂಡ ದೊಡ್ಡ ಆಸ್ಪತ್ರೆಗೆ ಹೊಕ್ಕರು. ಕ್ರಿಯಾಟಿನಿನ್ 14.2. ಸರಿ ಇದ್ದವರಿಗೆ ಒಂದರ ಆಸುಪಾಸು ಇರುತ್ತದೆ. ಕುತ್ತಿಗೆಗೆ ನಳಿಗೆ ಹಾಕಿ ಬೆಳಗಿನ ಜಾವ ಡಯಾಲಿಸಿಸ್ ಶುರು ಮಾಡಿದರು. ಮೊದಲ ಸರದಿಗೇ ಮೈಯಿಂದ ಎರಡು ಲೀಟರಿನ ಮೇಲೆ ನೀರು ತೆಗೆದರು. ಬೆಳಕು ಹರಿದಾಗ ಅಂಗಾತ ಮಲಗಿದ್ದೆ. ಅಂಗಾತ ಮಲಗುವುದು ಎಷ್ಟು ದೊಡ್ಡ ಸುಖ ಎಂದು ಅನುಭವಿಸದವರಿಗೆ ತಿಳಿಸಲಾರೆ.

ಜೀವ ಉಳಿಸಿದ ಆ ಆಸ್ಪತ್ರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇ.ಸಿ.ಎಚ್.ಎಸ್. ಪಟ್ಟಿಯಲ್ಲಿ ಇರಲಿಲ್ಲ. ಜೀವ ಹೋಗುವ ಹೊತ್ತಿನಲ್ಲಿ ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಗೂ ಹೋಗಬಹುದು, ನಿಯಮ ಅದನ್ನು ಒಪ್ಪುತ್ತದೆ; ಆದರೆ 48 ತಾಸಿನ ಒಳಗೆ ಯೋಜನೆಯ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ನನಗೆ ಗೊತ್ತಿತ್ತು, ಆದರೆ ಅದನ್ನು ನೆನೆಯುವ ಸ್ಥಿತಿಯಲ್ಲಿ ನಾನು ಇರಲಿಲ್ಲ. ಓಡಾಡುತ್ತಿದ್ದ ಹೆಂಡತಿಗೆ ನಾನು ಹೇಳಿರಲಿಲ್ಲ. ನಾಲ್ಕನೆಯ ದಿನ ತಿಳಿಸಿದೆವು. ಬಿಲ್ಲಿನ ಕಡತ ಆಕ್ಷೇಪಣೆಯೊಂದಿಗೆ ವಾಪಸು ಬಂದು ಬಂದು ಹದಿನಾಲ್ಕು ತಿಂಗಳು ತಿರುಗಿತು, ಬಂದದ್ದು ಅರ್ಧಕ್ಕಿಂತ ಕಡಿಮೆ. ಈ ಯೋಜನೆ 2003ರಿಂದ ಇದೆ, ನನ್ನ ಪಾಲಿನ ₹67,000 ಪೆನ್ಶನ್ ಬರುವಾಗಲೇ ಕಟ್ಟಿದ್ದೇನೆ, ಇವತ್ತು ನನ್ನ ಪ್ರತಿ ಡಯಾಲಿಸಿಸ್ ಅದರಿಂದಲೇ ನಡೆಯುತ್ತಿದೆ. ಯೋಜನೆಯ ಮೇಲೆ ನನಗೆ ದೂರಿಲ್ಲ.

ದೂರು ಇರುವುದು ಒಬ್ಬ ಗುಮಾಸ್ತನ ಮೇಲೆ. ಕಿಡ್ನಿ ಕೊಡಲು ಹೆಂಡತಿ ಮುಂದೆ ಬಂದಳು. ರಕ್ತದ ಗುಂಪು ಕೂಡಿತು. ಗಂಡ-ಹೆಂಡತಿ ಕಾನೂನಿನ ಪ್ರಕಾರ ಹತ್ತಿರದ ಸಂಬಂಧಿಗಳೇ. ಆದರೆ ಆ ಸಂಬಂಧವನ್ನು ಕಾಗದದಲ್ಲಿ ತೋರಿಸಬೇಕು. ಮದುವೆಯಲ್ಲಿ ನಮ್ಮ ಕಡೆ ಸೊಸೆಗೆ ಹೊಸ ಹೆಸರು ಇಡುತ್ತಾರೆ. ನನ್ನ ಸರ್ವೀಸ್ ದಾಖಲೆಯಲ್ಲಿ ಬರೆಸಿದ್ದು ಆ ಹೊಸ ಹೆಸರು. ಆಧಾರ್‌ನಲ್ಲಿ ಇರುವುದು ತವರಿನ ಹೆಸರು. ಕಾಗದದ ಪ್ರಕಾರ ನನಗೆ ಕಿಡ್ನಿ ಕೊಡುತ್ತಿರುವವಳು ಬೇರೆ ಯಾವಳೋ. ಅಫಿಡವಿಟ್ ಮಾಡಿಸಿ ಒಯ್ದರೆ ಆ ಮನುಷ್ಯ ಪತ್ರಿಕೆಯಲ್ಲಿ ಜಾಹೀರಾತು ಕೊಡಿ ಅಂದ. ಜಾಹೀರಾತು ಕೊಟ್ಟು ಒಯ್ದರೆ ರೆಕಾರ್ಡ್ಸ್ ಆಫೀಸಿನಿಂದ ತಿದ್ದುಪಡಿ ಆಗಿ ಬರಲಿ ಅಂದ. ಅದಕ್ಕೆ ಬರೆದರೆ ಫೋಟೊ ಮೇಲೆ ಸಹಿ ಬೇಕಿತ್ತು ಅಂದ. ಮೂರನ್ನೂ ಮೊದಲ ದಿನವೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಅವನ ಗಂಟು ಏನು ಹೋಗುತ್ತಿತ್ತು? ಎಂಟು ತಿಂಗಳು ಹೋಯಿತು. ಕಾಗದ ಸರಿಯಾಗಿ ತಪಾಸಣೆಗೆ ಕೂರಿಸಿದಾಗ ಅವಳಿಗೆ ಸಕ್ಕರೆ ಕಾಯಿಲೆ ಬಂದಿರುವುದು ಗೊತ್ತಾಯಿತು. ಕಿಡ್ನಿ ತೆಗೆಯಲಾಗದು ಅಂದರು. ಎಂಟು ತಿಂಗಳ ಮುಂಚೆ ಅದು ಇತ್ತೋ ಇರಲಿಲ್ಲವೋ, ಯಾರೂ ಹೇಳಲಾರರು. ನಾನು ಮಾತ್ರ ಆ ಮನುಷ್ಯನ ಮೇಜು ನೆನೆಯದ ದಿನವಿಲ್ಲ. ಈಗ ಅಂಗದಾನದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದೇನೆ.

ಡಿಸೆಬಿಲಿಟಿ ಪೆನ್ಶನ್ ಯಾಕೆ ಕೇಳಲಿಲ್ಲ ಎಂದು ಸಿಕ್ಕ ಮಾಜಿ ಸೈನಿಕರೆಲ್ಲ ಕೇಳುತ್ತಾರೆ. ಕೇಳಿದ್ದೇನೆ. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೈನಿಕನ ಪರವಾಗಿ ಹೇಳಿದೆ: ಸೇರುವಾಗ ದಾಖಲಾಗದ ರೋಗ ಸರ್ವೀಸಿನಲ್ಲಿ ಬಂದು ಬಿಡುಗಡೆಗೆ ಕಾರಣವಾದರೆ, ಅದು ಸೇವೆಯಿಂದಲೇ ಬಂತು ಎಂದು ಮೊದಲು ಹಿಡಿಯಬೇಕು. ವಕೀಲರು ಅದನ್ನು ಓದಿ ಹೇಳಿ, ನನ್ನ ಮೆಡಿಕಲ್ ದಾಖಲೆ ಕೇಳಿದರು. ಅದರಲ್ಲಿ ಬಿ.ಪಿ. ಇಲ್ಲ. ಮೊಣಕಾಲು ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಮಲೇರಿಯಾ, ಒಂದು ಬೆರಳಿನ ಗಾಯ, ಕೊನೆಗೆ ತೊಂದರೆ ಏನೂ ಇಲ್ಲ ಎಂದು ನನ್ನದೇ ಸಹಿ. ಆ ಸಹಿ ಬಹಳ ದುಂಡಗಿದೆ. ಎದುರು ವಾದಿಸಲು ಸರಕಾರಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಯೂನಿಫಾರ್ಮಿನಲ್ಲಿ ಇರುವವರು ನೋವಿದ್ದರೆ ಎಂ.ಐ. ರೂಮಿನಲ್ಲಿ ಬರೆಸಿ, ಅದರ ನಕಲು ಮನೆಯಲ್ಲಿಡಿ. ವರ್ಷಕ್ಕೊಮ್ಮೆ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ನೋಡಿಸಿ. ಎರಡಕ್ಕೂ ದೊಡ್ಡ ಖರ್ಚಿಲ್ಲ. ಪೆನ್ಶನ್ ಬರುವ ಮೊದಲೇ ಹೆಂಡತಿಯ ಹೆಸರನ್ನು ಎಲ್ಲ ಕಾಗದದಲ್ಲೂ ಅಕ್ಷರ ಬಿಡದೆ ಒಂದೇ ಮಾಡಿಸಿ. ಪಾಲಿಕ್ಲಿನಿಕ್ ಫೋನ್ ನಂಬರ್ ಮತ್ತು 48 ತಾಸಿನ ಮಾತನ್ನು ನೀವು ತಿಳಿದರೆ ಸಾಲದು, ಅಡುಗೆಮನೆ ಗೋಡೆಗೆ ಅಂಟಿಸಿ. ರಕ್ತ ಪರೀಕ್ಷೆ ಇಲ್ಲದೆ ಸಲಾಯಿನ್ ಹಚ್ಚಿಸಿಕೊಳ್ಳಬೇಡಿ. ಡಯಾಲಿಸಿಸ್ ಬಂದೇ ಬಿಟ್ಟರೆ ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ರಕ್ತನಾಳ ಜೋಡಿಸಿದ ಜಾಗ) ಇರುವ ಕೈಗೆ ಬಿ.ಪಿ. ಪಟ್ಟಿ ಕಟ್ಟಲು, ಡಯಾಲಿಸಿಸ್ ಬಿಟ್ಟು ಬೇರೆ ಸೂಜಿ ಚುಚ್ಚಲು ಯಾರಿಗೂ ಬಿಡಬೇಡಿ. ನನ್ನದು ಎಡಗೈ. ಬೆಳಿಗ್ಗೆ ಎದ್ದ ಕೂಡಲೇ ಅದರ ಮೇಲೆ ಬೆರಳಿಟ್ಟು ನೋಡುತ್ತೇನೆ; ಮಡಿಲ ಬೆಕ್ಕು ಗುರುಗುಟ್ಟಿದಂತೆ ಝುಂ ಅನ್ನುತ್ತಿರಬೇಕು. ನನಗೆ ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅದರಲ್ಲೇ ಚಹಾ, ಸಾರು ಎಲ್ಲ. ಹೆಂಡತಿ ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದಿಡುತ್ತಾಳೆ. ಕಾಯಿಪಲ್ಲೆ ಹೆಚ್ಚಿ ನೀರಿನಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ ಬೇಯಿಸುತ್ತಾಳೆ, ಪೊಟ್ಯಾಷಿಯಂ ಇಳಿಯಲಿ ಎಂದು. ಏಪ್ರಿಲ್ ಬಿಸಿಲಿಗೆ ಗಂಟಲು ಒಣಗಿದಾಗ ಒಂದು ಮಂಜುಗಡ್ಡೆ ತುಂಡು ಬಾಯಲ್ಲಿಟ್ಟುಕೊಂಡು ಲಡಾಖ್ ನೆನೆಯುತ್ತೇನೆ.

ಅಣ್ಣನೊಡನೆ ಮಾತು ಬಿಟ್ಟಿಲ್ಲ. ಸಲಾಯಿನ್ ಮಾತು ಇಬ್ಬರೂ ಎತ್ತುವುದಿಲ್ಲ. ಡಯಾಲಿಸಿಸ್ ದಿನ ಬೆಳಗಿನ ಐದೂವರೆಯ ಬಸ್ಸಿಗೆ ಅವನೇ ಬೈಕಿನಲ್ಲಿ ಬಿಡುತ್ತಾನೆ, ಮಳೆಯಾದರೂ ತಪ್ಪಿಸಿಲ್ಲ.

ಅವನ ಮಗ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ನಾಯಕ್. ಹೋದ ವಾರ ರಜೆಗೆ ಬಂದ. ಮೆಟ್ಟಿಲು ಇಳಿಯುವಾಗ ಬಲಗಾಲು ಪಕ್ಕಕ್ಕೆ ಎಳೆದಿಡುವುದನ್ನು ನೋಡಿದೆ. ಅದು ನನಗೆ ಗೊತ್ತಿರುವ ನಡಿಗೆ. ಬ್ಯಾಗ್ ತೋರಿಸು ಅಂದೆ. ಒಗೆದ ಬಟ್ಟೆಯ ನಡುವೆ ಅದೇ ಮಾತ್ರೆ, ನಾಲ್ಕು ಹಾಳೆ. "ಪ್ರಮೋಷನ್ ಮುಗೀಲಿ ಕಾಕಾ, ಆಮ್ಯಾಲ ತೋರಿಸ್ಕೋತೀನಿ" ಅಂದ. ಎಡಗೈ ಅವನ ಮುಂದೆ ಚಾಚಿ, ಅವನ ಬೆರಳನ್ನು ಹಿಡಿದು ಫಿಸ್ಟುಲಾ ಮೇಲೆ ಇಟ್ಟೆ. ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದ, ಆಮೇಲೆ ಕೈ ತೆಗೆದ. ಏನೂ ಹೇಳಲಿಲ್ಲ. ಮಾತ್ರೆಗಳು ನನ್ನ ಹತ್ತಿರ ಇವೆ. ಅವನ ರಜೆ ಇನ್ನು ಹನ್ನೊಂದು ದಿನ ಇದೆ.