ಛಾಯಾಗ್ರಹಣದಲ್ಲಿ ಮರುನೋಟ: ಎಷ್ಟು ಸಲ, ಯಾವಾಗ?

ಡಿಜಿಟಲ್ ಕ್ಯಾಮೆರಾದ ಹಿಂಬದಿಯಲ್ಲಿರುವ ಪುಟ್ಟ ಪರದೆ ಛಾಯಾಗ್ರಹಣದ ಪದ್ಧತಿಯನ್ನೇ ಬದಲಿಸಿದೆ. ಗುಂಡಿ ಒತ್ತಿದ ಕೂಡಲೇ ಚಿತ್ರ ಕಣ್ಣೆದುರು ಮೂಡುತ್ತದೆ. ಮೂಡಿದ್ದನ್ನು ನೋಡದೆ ಮುಂದಿನ ಚಿತ್ರಕ್ಕೆ ಹೋಗುವ ಸಂಯಮ ಅಪರೂಪ. ಪ್ರತಿ ಚಿತ್ರಕ್ಕೂ ತಲೆ ತಗ್ಗಿಸಿ ಪರದೆ ನೋಡುವ ಈ ಅಭ್ಯಾಸವನ್ನು ಇಂಗ್ಲಿಷ್ ನಾಡುಗಳ ವೃತ್ತಿ ಛಾಯಾಗ್ರಾಹಕರು ‘ಚಿಂಪಿಂಗ್’ ಎಂದು ಹಾಸ್ಯ ಮಾಡುತ್ತಾರೆ. ತೆಗೆದ ಚಿತ್ರವನ್ನು ಕಂಡು ‘ಊ, ಆ’ ಎಂದು ಉದ್ಗರಿಸುವವರನ್ನು ಚಿಂಪಾಂಜಿಗೆ ಹೋಲಿಸಿ ಹುಟ್ಟಿಸಿದ ಮಾತು ಅದು. ಭಾಷಾ ವಿಭಾಗದ ವಿದ್ಯಾರ್ಥಿಗೆ ಇದು ಹೊರಗಿನ ವಿಷಯವೆಂದು ತೋರಬಹುದು. ಆದರೆ ಶಾಸನ, ವೀರಗಲ್ಲು, ಹಸ್ತಪ್ರತಿ, ಜಾತ್ರೆ, ಜನಪದ ಆಚರಣೆಗಳ ಕ್ಷೇತ್ರಕಾರ್ಯದಲ್ಲಿ ಕ್ಯಾಮೆರಾ ಇಂದು ಲೇಖನಿಯಷ್ಟೇ ಅಗತ್ಯವಾದ ಸಾಧನ. ಅದರ ಪರದೆಯನ್ನು ಯಾವಾಗ ನೋಡಬೇಕು, ಯಾವಾಗ ನೋಡಬಾರದು ಎಂಬ ವಿವೇಕವಿಲ್ಲದಿದ್ದರೆ ಇಡೀ ಪ್ರವಾಸದ ಶ್ರಮ ವ್ಯರ್ಥವಾಗಬಹುದು.

ತೆಗೆದ ಚಿತ್ರವನ್ನು ನಿಂತಲ್ಲಿಯೇ ಪರೀಕ್ಷಿಸುವುದು ಡಿಜಿಟಲ್ ಯುಗದಲ್ಲಿ ಮೊದಲಾದುದಲ್ಲ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಫಲಕದ ವಿಧಾನದಲ್ಲಿ, ಗಾಜಿಗೆ ಬಳಿದ ಕೊಲೋಡಿಯನ್ ಲೇಪ ಆರುವ ಮೊದಲೇ ಚಿತ್ರವನ್ನು ತೆಗೆದು ಸಂಸ್ಕರಿಸಬೇಕಾಗಿತ್ತು. ಹಾಗಾಗಿ ಹೊರಗೆ ಚಿತ್ರ ತೆಗೆಯಲು ಹೋದವರು ಕತ್ತಲೆಯ ಡೇರೆಯನ್ನೂ ಹೊತ್ತೊಯ್ಯುತ್ತಿದ್ದರು. ಚಿತ್ರ ಕೆಟ್ಟಿದ್ದರೆ ಅದು ಅಲ್ಲಿಯೇ ತಿಳಿಯುತ್ತಿತ್ತು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಸೂಚಿಸಿದ ಜೆಲಟಿನ್ ಒಣ ಫಲಕ ಮತ್ತು ಅನಂತರ ಬಂದ ಫಿಲ್ಮ್ ಸುರುಳಿ ಈ ಕ್ರಮವನ್ನು ಮುರಿದವು. ತೆಗೆಯುವುದು ಇಂದು, ನೋಡುವುದು ಮುಂದೊಂದು ದಿನ ಎಂಬಂತಾಯಿತು.

ಫಿಲ್ಮಿನ ಕಾಲದಲ್ಲಿ ಈ ಅಂತರ ಒಂದು ಶಿಸ್ತನ್ನು ಬೆಳೆಸಿತು. 35 ಮಿ.ಮೀ. ಸುರುಳಿಯಲ್ಲಿ ಸಾಮಾನ್ಯವಾಗಿ 36 ಚಿತ್ರಗಳಷ್ಟೇ ಲಭ್ಯ. ಬೆಳಕಿನ ಅಳತೆ, ದೂರದ ಅಂದಾಜು, ಕ್ಷಣದ ಆಯ್ಕೆ ಇವೆಲ್ಲ ಗುಂಡಿ ಒತ್ತುವ ಮೊದಲೇ ಮನಸ್ಸಿನಲ್ಲಿ ಮುಗಿದಿರಬೇಕು. ‘ಕಾಲಕ್ಕೆ ಕನ್ನಡಿ’ ಎಂಬ ಆತ್ಮಕಥನ ಬರೆದ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಪಳಗಿದ್ದು ಈ ಶಿಸ್ತಿನಲ್ಲಿಯೇ. ಅಮೆರಿಕದ ಗ್ಯಾರಿ ವಿನೋಗ್ರಾಂಡ್ ಇನ್ನೂ ಮುಂದೆ ಹೋಗಿ, ಸುರುಳಿಗಳನ್ನು ಬೇಕೆಂದೇ ಬಹುಕಾಲ ಸಂಸ್ಕರಿಸದೆ ಇಡುತ್ತಿದ್ದರು. ಚಿತ್ರ ತೆಗೆದ ಹೊತ್ತಿನ ಉತ್ಸಾಹ ಅದರ ಗುಣವನ್ನು ತೂಗುವಾಗ ಅಡ್ಡ ಬರಬಾರದೆಂಬುದು ಅವರ ಎಣಿಕೆ. 1984ರಲ್ಲಿ ಅವರು ತೀರಿಕೊಂಡಾಗ ಸುಮಾರು 2,500 ಸುರುಳಿಗಳು ಸಂಸ್ಕರಣೆಯಾಗದೆ ಉಳಿದಿದ್ದವು.

1948ರಲ್ಲಿ ಮಾರಾಟಕ್ಕೆ ಬಂದ ಪೋಲರಾಯ್ಡ್ ಕ್ಯಾಮೆರಾ ಈ ಅಂತರವನ್ನು ನಿಮಿಷಗಳಿಗೆ ಇಳಿಸಿತು. ಸ್ಟುಡಿಯೋಗಳಲ್ಲಿ ಬೆಳಕಿನ ಏರ್ಪಾಟನ್ನು ಪರೀಕ್ಷಿಸಲು ಮುಂದೆ ಅದೇ ಬಗೆಯ ಚಿತ್ರಗಳು ಬಳಕೆಗೆ ಬಂದವು. 1995ರ ಕ್ಯಾಸಿಯೋ ಕ್ಯೂವಿ-10 ಕ್ಯಾಮೆರಾದೊಂದಿಗೆ ಹಿಂಬದಿಯ ಪರದೆ ಸಾಮಾನ್ಯ ಗ್ರಾಹಕನ ಕೈಗೂ ಬಂತು. ಮರುನೋಟದ ಚಾಳಿಗೆ ಬೇಸತ್ತವರೂ ಇದ್ದಾರೆ: 2016ರಲ್ಲಿ ಜರ್ಮನಿಯ ಲೈಕಾ ಸಂಸ್ಥೆ ಪರದೆಯೇ ಇಲ್ಲದ ಎಂ-ಡಿ ಎಂಬ ಡಿಜಿಟಲ್ ಕ್ಯಾಮೆರಾವನ್ನು ಹೊರತಂದಿತು. ಆದರೆ ಪರದೆಯನ್ನು ತೆಗೆದುಹಾಕುವುದು ಎಲ್ಲರಿಗೂ ಒಪ್ಪುವ ಉತ್ತರವಲ್ಲ. ಎದುರಿನ ವಸ್ತು ಕಾಯುತ್ತದೆಯೋ ಇಲ್ಲವೋ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಸೊಲ್ಲಾಪುರದ ಸೀಮೆಯಿಂದ ಎರಡು ನಿದರ್ಶನಗಳನ್ನು ನೋಡಬಹುದು. ಭೀಮಾ–ಸೀನಾ ನದಿಗಳ ಸಂಗಮದಲ್ಲಿರುವ ಕೂಡಲ, ಮರಾಠಿಯ ಅತಿ ಪ್ರಾಚೀನ ಬರಹಗಳಲ್ಲಿ ಒಂದೆಂದು ಎಣಿಸಲಾದ 1018ರ ಶಾಸನಕ್ಕೆ ಹೆಸರಾದ ಸ್ಥಳ. ಇದೇ ಜಿಲ್ಲೆಯ ಅನೇಕ ಊರುಗಳಲ್ಲಿ ಕನ್ನಡ ಶಾಸನಗಳೂ ಇವೆ. ಕಲ್ಲು ಅಲುಗಾಡುವುದಿಲ್ಲ, ಆದ್ದರಿಂದ ಶಾಸನದ ಚಿತ್ರ ತೆಗೆಯುವವನು ಪ್ರತಿ ಚಿತ್ರದ ನಂತರವೂ ಪರದೆಯನ್ನು ನೋಡಬೇಕು. ಸುಮ್ಮನೆ ನೋಡಿದರೆ ಸಾಲದು, ಪೂರ್ಣ ಪ್ರಮಾಣಕ್ಕೆ ಹಿಗ್ಗಿಸಿ ಸಾಲುಸಾಲಾಗಿ ನೋಡಬೇಕು. ಬೆಳಕು ನೇರವಾಗಿ ಬಿದ್ದಾಗ ಸವೆದ ಅಕ್ಷರಗಳು ಕಲ್ಲಿನಲ್ಲಿಯೇ ಅಡಗುತ್ತವೆ. ಓರೆಯಾಗಿ ಬಿದ್ದಾಗ ಅಕ್ಷರದ ಗುಣಿಯಲ್ಲಿ ನೆರಳು ತುಂಬಿ ಬರಹ ಎದ್ದು ಕಾಣುತ್ತದೆ. ಚಿತ್ರ ಮಸುಕಾಗಿದ್ದರೆ ಪಕಾರವನ್ನು ವಕಾರವೆಂದು ಓದುವ ಅಪಾಯವುಂಟು. ಇಲ್ಲಿ ಮರುನೋಟ ಚಪಲವಲ್ಲ, ಕರ್ತವ್ಯ. ಗುಡಿಯ ಜೀರ್ಣೋದ್ಧಾರದಲ್ಲಿ ಕಲ್ಲಿಗೆ ಸುಣ್ಣವೋ ಎಣ್ಣೆಬಣ್ಣವೋ ಬಿದ್ದರೆ ಆ ಊರಿನ ಕನ್ನಡಕ್ಕೆ ಉಳಿಯುವ ಸಾಕ್ಷಿ ಆ ಚಿತ್ರವೊಂದೇ ಆಗಿರಬಹುದು.

ಮಕರ ಸಂಕ್ರಮಣದ ವೇಳೆಗೆ ನಡೆಯುವ ಸಿದ್ಧರಾಮೇಶ್ವರ ಜಾತ್ರೆ ಇದಕ್ಕೆ ವಿರುದ್ಧವಾದ ನಿದರ್ಶನ. ಸಿದ್ಧರಾಮರ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ನಡೆದ ವಿವಾಹದ ಸಂಕೇತವೆಂದು ಜನ ನಂಬುವ ಅಕ್ಷತೆಯ ಆಚರಣೆ ಅಲ್ಲಿ ನಡೆಯುತ್ತದೆ. ಸಮ್ಮತಿ ಕಟ್ಟೆಯ ಬಳಿ ನಂದಿಧ್ವಜಗಳ ಮೇಲೆ ಸಹಸ್ರಾರು ಕೈಗಳು ಒಮ್ಮೆಗೇ ಅಕ್ಷತೆ ಎರಚುವ ಕ್ಷಣ ಬಲು ಚಿಕ್ಕದು. ಹಿಂದಿನ ಚಿತ್ರ ಹೇಗೆ ಬಂತೆಂದು ತಲೆ ತಗ್ಗಿಸಿದವನು ತಲೆ ಎತ್ತುವಷ್ಟರಲ್ಲಿ ಅಕ್ಷತೆ ನೆಲ ಸೇರಿರುತ್ತದೆ. ಮತ್ತೆ ಆ ಕ್ಷಣ ಬರುವುದು ಮುಂದಿನ ವರ್ಷವೇ. ಇಂಥ ಕಡೆ ಮರುನೋಟದ ಕೆಲಸ ಆಚರಣೆ ಆರಂಭವಾಗುವ ಮೊದಲೇ ಮುಗಿದಿರಬೇಕು. ಒಂದೆರಡು ಪರೀಕ್ಷಾ ಚಿತ್ರ ತೆಗೆದು, ಬೆಳಕನ್ನೂ ಷಟರ್ ವೇಗವನ್ನೂ ಹೊಂದಿಸಿಕೊಂಡು, ಅನಂತರ ಕಣ್ಣನ್ನು ಜನರ ಮೇಲೆಯೇ ಇಡಬೇಕು.

ಭಾಷೆಯ ವಿದ್ಯಾರ್ಥಿಗೆ ಈ ಭೇದ ಹೊಸದಲ್ಲ. ಕನ್ನಡದಲ್ಲಿ ‘ನೋಡು’ ಮತ್ತು ‘ಕಾಣು’ ಒಂದೇ ಅಲ್ಲ: ನೋಡುವುದು ಪ್ರಯತ್ನ, ಕಾಣುವುದು ಅದರ ಫಲ. ‘ಎಷ್ಟು ನೋಡಿದರೂ ಕಾಣಲಿಲ್ಲ’ ಎಂಬ ಮಾತಿಗೆ ಅರ್ಥ ಬರುವುದು ಆದ್ದರಿಂದಲೇ. ಮರಾಠಿಯ ‘ಪಾಹಣೆ’, ‘ದಿಸಣೆ’ಗಳ ನಡುವೆಯೂ ಇಂಥದೇ ಅಂತರವಿದೆ. ಪದೇ ಪದೇ ಪರದೆ ನೋಡುವವನು ನೋಡುವುದು ಹೆಚ್ಚಾಗಿ, ಕಾಣುವುದು ಕಡಿಮೆಯಾಗುತ್ತದೆ. ಅವನ ಗಮನ ಎದುರಿನ ಬದುಕಿನಿಂದ ತನ್ನ ಕೆಲಸದ ಮೇಲೆ ಜಾರುತ್ತದೆ. ಹಾಡು ಹೇಳುವ ಅಜ್ಜಿಯ ಎದುರು ಕುಳಿತು ಪ್ರತಿ ಚಿತ್ರಕ್ಕೂ ಪರದೆಯತ್ತ ಬಾಗಿದರೆ ಹಾಡಿನ ಓಘ ತಪ್ಪುತ್ತದೆ. ತನ್ನ ಹಾಡಿಗಿಂತ ಯಂತ್ರವೇ ದೊಡ್ಡದೆಂಬ ಭಾವನೆ ಆಕೆಗೆ ಬರಬಹುದು. ಹಾಡು ನಿಂತ ಮೇಲೆ ಚಿತ್ರಗಳನ್ನು ಆಕೆಗೂ ತೋರಿಸಿದರೆ ಅದೇ ಪರದೆ ಸ್ನೇಹಕ್ಕೆ ದಾರಿಯಾಗುತ್ತದೆ.

ಪರದೆ ಹೇಳುವುದೆಲ್ಲ ನಿಜವಲ್ಲ ಎಂಬುದನ್ನೂ ಗಮನಿಸಬೇಕು. ಬಿಸಿಲಿನಲ್ಲಿ ಒಳ್ಳೆಯ ಚಿತ್ರವೂ ಕಪ್ಪಾಗಿ ತೋರುತ್ತದೆ. ಕತ್ತಲಲ್ಲಿ ಬೆಳಕು ಸಾಲದ ಚಿತ್ರವೂ ಹೊಳೆಯುತ್ತದೆ. ಆದ್ದರಿಂದ ಬೆಳಕನ್ನು ತೂಗಲು ಚಿತ್ರಕ್ಕಿಂತ ಹಿಸ್ಟೊಗ್ರಾಮ್ ಎಂಬ ರೇಖಾಚಿತ್ರವೇ ಹೆಚ್ಚು ನಂಬಿಕೆಗೆ ಅರ್ಹ. ಅದರ ರಾಶಿ ಬಲತುದಿಗೆ ಒತ್ತಿ ನಿಂತಿದ್ದರೆ ಬಿಳಿಯ ಭಾಗಗಳ ವಿವರ ಅಳಿದಿದೆಯೆಂದೂ ಎಡತುದಿಗೆ ಒತ್ತಿದ್ದರೆ ನೆರಳಿನ ವಿವರ ಮುಳುಗಿದೆಯೆಂದೂ ಸಾಮಾನ್ಯವಾಗಿ ತಿಳಿಯಬಹುದು. ಚಿಕ್ಕ ಪರದೆಯಲ್ಲಿ ಅಸ್ಪಷ್ಟ ಚಿತ್ರವೂ ಸ್ಪಷ್ಟವಾಗಿ ಕಾಣುವುದರಿಂದ ಹಿಗ್ಗಿಸದೆ ಫೋಕಸ್ ಬಗ್ಗೆ ತೀರ್ಮಾನಿಸಬಾರದು. ಸ್ಥಳದಲ್ಲಿಯೇ ಯಾವ ಚಿತ್ರವನ್ನೂ ಅಳಿಸಬಾರದು: ಚೆನ್ನಾಗಿಲ್ಲವೆಂದು ತೋರಿದ ಚಿತ್ರದ ಮೂಲೆಯಲ್ಲಿಯೇ ಮುಂದೆ ಬೇಕಾಗುವ ಒಂದು ಅಕ್ಷರವೋ ವಾದ್ಯವೋ ಇದ್ದೀತು.

ಒಟ್ಟಿನಲ್ಲಿ ಮರುನೋಟಕ್ಕೆ ಸಂಖ್ಯೆಯ ನಿಯಮವಿಲ್ಲ, ಸಮಯದ ನಿಯಮವಿದೆ. ಕೆಲಸಕ್ಕೆ ತೊಡಗುವ ಮೊದಲು, ಬೆಳಕು ಬದಲಾದಾಗ, ಆಚರಣೆಯ ನಡುವೆ ಬಿಡುವು ಸಿಕ್ಕಾಗ, ಸ್ಥಳ ಬಿಡುವ ಮೊದಲು ಪರದೆಯನ್ನು ನೋಡಬೇಕು. ಘಟನೆ ನಡೆಯುತ್ತಿರುವಾಗ ನೋಡಬಾರದು. ಪ್ರತಿ ಚಿತ್ರವೂ ತಾನಾಗಿ ಪರದೆಯಲ್ಲಿ ಮೂಡುವ ವ್ಯವಸ್ಥೆಯನ್ನು ಕ್ಯಾಮೆರಾದ ಮೆನುವಿನಲ್ಲಿ ನಿಲ್ಲಿಸಿಟ್ಟರೆ ಅರ್ಧ ಚಪಲ ಅಲ್ಲಿಗೇ ತಗ್ಗುತ್ತದೆ. ಕಲ್ಲಿನ ಮುಂದೆ ನಿಂತಾಗ ಎಷ್ಟು ಸಲ ನೋಡಿದರೂ ಕಡಿಮೆಯೇ. ಜಾತ್ರೆಯ ನಡುವೆ ಒಂದು ಸಲ ನೋಡಿದರೂ ಹೆಚ್ಚಾಗಬಹುದು.