ಪೈಪು ಕೀಳಬೇಡಿ, ಬದಲಿಸಿ

ಪ್ರಶ್ನೆ: ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ನನ್ನದು 1985ರ ಟೊಯೋಟಾ ಪಿಕಪ್, ಕಾರ್ಬ್ಯುರೇಟರ್ ಇರುವ 22ಆರ್ ಎಂಜಿನ್. ಬಾನೆಟ್ ಎತ್ತಿದರೆ ಸಣ್ಣ ಸಣ್ಣ ವ್ಯಾಕ್ಯೂಮ್ ಪೈಪುಗಳ ಗೋಜಲು. ಐಡ್ಲಿಂಗ್‌ನಲ್ಲಿ ಎಂಜಿನ್ ನಡುಗುತ್ತದೆ, ಒಮ್ಮೊಮ್ಮೆ ಆಫ್ ಆಗುತ್ತದೆ. ಹೊಗೆ ನಿಯಂತ್ರಣದ ಪೈಪುಗಳನ್ನೆಲ್ಲ ಕಿತ್ತು ಬಾಯಿ ಮುಚ್ಚಿಬಿಡು ಎನ್ನುತ್ತಾನೆ ಗೆಳೆಯ. ಹಾಗೆ ಮಾಡಲೇ?
— ಓದುಗರೊಬ್ಬರು

ಉತ್ತರ: ಬೇಡ. ಪೈಪು ಜಾಸ್ತಿ ಇದೆಯೆಂದು ಎಂಜಿನ್ ನಡುಗುವುದಿಲ್ಲ. ಯಾವುದಾದರೂ ಪೈಪು ಬಿರಿದಿದ್ದರೆ ನಡುಗುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ರಬ್ಬರ್ ತುದಿಯಲ್ಲಿ ಗಟ್ಟಿಯಾಗಿ ಸೀಳುತ್ತದೆ. ಅಲ್ಲಿಂದ ಹೆಚ್ಚುವರಿ ಗಾಳಿ ಎಳೆದುಕೊಂಡರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ ಮಿಸ್ ಹೊಡೆಯುತ್ತದೆ.

ಕೀಳುವ ಮೊದಲು ಯಾವುದರ ಕೆಲಸ ಏನೆಂದು ತಿಳಿಯಿರಿ. ಬ್ರೇಕ್ ಬೂಸ್ಟರಿನ ದಪ್ಪ ಪೈಪನ್ನು ಮುಟ್ಟುವ ಮಾತೇ ಇಲ್ಲ. ಪಿಸಿವಿ ಪೈಪು ಮುಚ್ಚಿದರೆ ಎಂಜಿನ್ನಿನ ಹೊಟ್ಟೆಯಲ್ಲಿ ಒತ್ತಡ ಏರಿ ಆಯಿಲ್ ಸೀಲುಗಳು ಸೋರತೊಡಗುತ್ತವೆ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಹಿಡಿದಿಟ್ಟು ಎಂಜಿನ್ನಿಗೆ ಉಣಿಸುವುದು ಇದ್ದಿಲಿನ ಕ್ಯಾನಿಸ್ಟರ್. ಅದನ್ನು ತೆಗೆದರೆ ಶೆಡ್ ತುಂಬ ಪೆಟ್ರೋಲ್ ವಾಸನೆ. ಇನ್ನು ಇಜಿಆರ್ ಸುಟ್ಟ ಗಾಳಿಯ ಒಂದು ಪಾಲನ್ನು ಮತ್ತೆ ಒಳಬಿಟ್ಟು ದಹನದ ಬಿಸಿ ಇಳಿಸುತ್ತದೆ; ನೈಟ್ರೋಜನ್ ಆಕ್ಸೈಡ್ ಕಡಿಮೆಯಾಗುವುದು ಅದರಿಂದಲೇ. ಅದನ್ನು ಮುಚ್ಚಿದರೆ ಏರು ಹತ್ತುವಾಗ ನಾಕಿಂಗ್ ಶುರುವಾಗಬಹುದು.

ಕಾನೂನೂ ಅಡ್ಡ ಬರುತ್ತದೆ. ನಿಮ್ಮ ರಾಜ್ಯದಲ್ಲಿ 1976 ಮತ್ತು ನಂತರದ ಪೆಟ್ರೋಲ್ ಗಾಡಿಗಳು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಸ್ಮಾಗ್ ತಪಾಸಣೆಗೆ ಹೋಗಬೇಕು. ಅಲ್ಲಿ ಹೊಗೆ ಅಳೆಯುವುದಲ್ಲದೆ ಬಾನೆಟ್ ಎತ್ತಿ ಭಾಗಗಳನ್ನೂ ನೋಡುತ್ತಾರೆ. ಒಂದು ಕಡಿಮೆಯಾದರೂ ಫೇಲ್.

ಹಾಗಾದರೆ ಮಾಡುವುದೇನು? ಬಾನೆಟ್ ಅಡಿಯ ಸ್ಟಿಕ್ಕರಿನಲ್ಲಿ ವ್ಯಾಕ್ಯೂಮ್ ಪೈಪುಗಳ ನಕ್ಷೆ ಇರುತ್ತದೆ. ಅದು ಅಳಿಸಿದ್ದರೆ ಸರ್ವೀಸ್ ಮ್ಯಾನ್ಯುಯಲ್ ನೋಡಿ. ಫೋಟೊ ತೆಗೆದು, ಎರಡೂ ತುದಿಗೆ ಒಂದೇ ನಂಬರಿನ ಟೇಪು ಸುತ್ತಿ. ಎಂಜಿನ್ ಐಡ್ಲಿಂಗ್‌ನಲ್ಲಿರಲಿ, ಫ್ಯಾನು–ಬೆಲ್ಟಿನಿಂದ ಕೈ ದೂರವಿರಲಿ. ಒಂದೊಂದೇ ಪೈಪನ್ನು ಇಕ್ಕಳದಲ್ಲಿ ಮೆಲ್ಲಗೆ ಅದುಮಿ. ಯಾವುದನ್ನು ಅದುಮಿದಾಗ ನಡುಕ ನಿಲ್ಲುತ್ತದೋ ಆ ದಾರಿಯಲ್ಲೇ ಕಳ್ಳನಿದ್ದಾನೆ. ಸೋರಿಕೆ ಹುಡುಕಲೆಂದು ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆಯಬೇಡಿ, ಬೆಂಕಿ ಹತ್ತೀತು. ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಉಳಿದರೂ ಹೀಗೇ ನಡುಗುತ್ತದೆ. ಅದನ್ನು ಬಿಚ್ಚಿ ಮಸಿ ಕೆರೆಯಿರಿ.

ಆಮೇಲೆ ಎಲ್ಲವನ್ನೂ ಹೊಸದು ಹಾಕಿ: ಒಂದು ಬಿಚ್ಚಿ, ಅಷ್ಟೇ ಅಳತೆಯದನ್ನು ಕತ್ತರಿಸಿ ಕೂರಿಸಿ, ನಂತರ ಮುಂದಿನದು. ಪೆಟ್ರೋಲ್ ಆವಿ ಹಾಯುವ ಕಡೆ ಸಿಲಿಕಾನ್ ಪೈಪು ಬೇಡ, ಪೆಟ್ರೋಲ್ ತಡೆಯುವ ರಬ್ಬರೇ ಬೇಕು. ಎಲ್ಲ ಸರಿಯಿದ್ದರೆ ಸಮುದ್ರಮಟ್ಟದ ಊರುಗಳಲ್ಲಿ ವ್ಯಾಕ್ಯೂಮ್ ಗೇಜಿನ ಮುಳ್ಳು ಐಡ್ಲಿಂಗ್‌ನಲ್ಲಿ ಸುಮಾರು 17ರಿಂದ 21 ಇಂಚಿನ ನಡುವೆ ಅಲುಗಾಡದೆ ನಿಲ್ಲುತ್ತದೆ.

ಸರಳ ಮಾಡಲೇಬೇಕೆಂದಿದ್ದರೆ, ಹಿಂದಿನ ಮಾಲೀಕರು ಸೇರಿಸಿ ಬಿಟ್ಟುಹೋದ, ನಕ್ಷೆಯಲ್ಲಿಲ್ಲದ ಪೈಪುಗಳನ್ನು ತೆಗೆಯಿರಿ. ನಕ್ಷೆಯಲ್ಲಿರುವ ಒಂದನ್ನೂ ತೆಗೆಯಬೇಡಿ.