ಘೋಷಣೆ ಬಂತೆಂದು ಕಡತ ಕಟ್ಟಿಡಬೇಡ

ಪುಟ್ಟೀ,

ಒಟ್ಟಾವಾದಲ್ಲಿ ಸಂಸತ್ತಿನ ಸಮಿತಿಯೊಂದಕ್ಕೆ ಸಹಾಯಕಿಯಾಗಿ ಸೇರುತ್ತಿದ್ದೀಯಂತೆ, ನಿಮ್ಮಪ್ಪ ಹೇಳಿದ. ಸಂತೋಷ. ವಿಧಾನಸೌಧದ ಸಮಿತಿ ಶಾಖೆಯಲ್ಲಿ ಕೂದಲು ನರೆಸಿಕೊಂಡವನು ನಾನು. ಸಮಿತಿ ಕೂತಿರುವಾಗಲೇ ಸರಕಾರ ಪತ್ರಕರ್ತರನ್ನು ಕರೆದು ಘೋಷಣೆ ಮಾಡಿಬಿಡುವುದು ನಿನಗೂ ಒಂದು ದಿನ ಎದುರಾಗುತ್ತದೆ. ನೀನು ಹೋಗುತ್ತಿರುವ ಊರಲ್ಲೇ ಆದದ್ದೊಂದನ್ನು ಹೇಳುತ್ತೇನೆ, ಕೇಳು.

2008ರ ವಸಂತದಲ್ಲಿ ಅಲ್ಲಿನ ಕೆಳಮನೆಯ ಕೃಷಿ ಸ್ಥಾಯಿ ಸಮಿತಿ ಆಹಾರದ ಲೇಬಲ್ ವಿಚಾರ ಎತ್ತಿಕೊಂಡಿತ್ತು. ಡಬ್ಬದ ಮೇಲೆ ‘ಕೆನಡಾದ ಉತ್ಪನ್ನ’ ಎಂದು ಹಾಕಲು ಆಗ ಬೇಕಿದ್ದದ್ದು ಎರಡೇ: ಪದಾರ್ಥ ಕೊನೆಯ ಬಾರಿಗೆ ಗಣನೀಯವಾಗಿ ರೂಪ ಬದಲಿಸುವುದು ಅಲ್ಲಿ ಆಗಬೇಕು, ನೇರ ಉತ್ಪಾದನಾ ವೆಚ್ಚದಲ್ಲಿ ಶೇ. 51 ಅಲ್ಲಿಯದಾಗಿರಬೇಕು. ಕೂಲಿಯೂ ಡಬ್ಬದ ಖರ್ಚೂ ಆ ಲೆಕ್ಕದೊಳಗೇ. ಹಣ್ಣು ಯಾವ ದೇಶದ್ದೇ ಇರಲಿ, ರಸ ಕೆನಡಾದ್ದು ಎನಿಸಿಕೊಳ್ಳಬಹುದಿತ್ತು. ತನ್ನ ಬೆಳೆಯ ಹೆಸರಲ್ಲಿ ಬೇರೆಯವರ ಬೆಳೆ ಮಾರಾಟವಾದರೆ ರೈತನಿಗೆ ಹೊಟ್ಟೆ ಉರಿಯದೆ ಇದ್ದೀತೆ?

ಸಮಿತಿಯ ವರದಿ ಇನ್ನೂ ಬಂದಿರಲಿಲ್ಲ. ಮೇ ತಿಂಗಳಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ತಾವೇ ಮುಂದಾಗಿ ಹೊಸ ನಿಯಮದ ಪ್ರಸ್ತಾಪ ಘೋಷಿಸಿದರು: ಪದಾರ್ಥ, ಸಂಸ್ಕರಣೆ, ದುಡಿಮೆ ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಕೆನಡಾದ್ದೇ ಆಗಿರಬೇಕು. ಸಮಿತಿ ವರದಿ ಕೊಟ್ಟದ್ದು ಜೂನ್‌ನಲ್ಲಿ. ಜುಲೈಯಲ್ಲಿ ಸರಕಾರದ ಅಂತಿಮ ಮಾರ್ಗಸೂಚಿ, ವರ್ಷದ ಕೊನೆಯ ದಿನದಿಂದ ಜಾರಿ. ಆಗಿನದು ಬಹುಮತವಿಲ್ಲದ ಸರಕಾರ ಎಂಬುದನ್ನೂ ನೆನಪಿಡು. ಅಂಥ ಮನೆಯಲ್ಲಿ ಸಮಿತಿಗಳಲ್ಲೂ ವಿರೋಧ ಪಕ್ಷಗಳ ತಲೆಯೆಣಿಕೆಯೇ ಹೆಚ್ಚು. ಒಳ್ಳೆಯ ಹೆಸರು ಯಾರಿಗೆ ಬರಬೇಕು ಎಂಬ ಲೆಕ್ಕಾಚಾರ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಮೂಗು ಮುರಿಯಬೇಡ. ಸಮಿತಿಗಾಗಿ ಕಾಯಲೇಬೇಕೆಂಬ ಕಟ್ಟುಪಾಡು ಸರಕಾರಕ್ಕಿಲ್ಲ. ಹಿಂದಿನ ಡಿಸೆಂಬರಿನಲ್ಲೇ ಅದು ಆಹಾರ ಸುರಕ್ಷತೆಯ ಯೋಜನೆಯೊಂದನ್ನು ಮುಂದಿಟ್ಟಿತ್ತು; ಹಾಗಾಗಿ ಘೋಷಣೆ ಬರೀ ಸಮಿತಿಯನ್ನು ಹಿಂದಿಕ್ಕಲೆಂದೇ ಬಂತು ಎನ್ನಲಾಗದು. ಶೇ. 51ರ ನಿಯಮ ಹೋದದ್ದೂ ಒಳ್ಳೆಯದೇ.

ಆದರೆ ಹೊಸ ಮಾರ್ಗಸೂಚಿ ಹೊರಗಿನ ಪದಾರ್ಥ ಶೇ. 2ನ್ನು ಮೀರಬಾರದು ಎಂದಾಗ ಏನಾಗುತ್ತದೆ, ಯೋಚಿಸು. ಸ್ಟ್ರಾಬೆರಿ ಅಲ್ಲಿನ ಹೊಲದ್ದು, ಕುದಿಸಿದವರು ಅಲ್ಲಿಯವರು. ಕಬ್ಬು ಮಾತ್ರ ಆ ಚಳಿಯಲ್ಲಿ ಬೆಳೆಯುವುದಿಲ್ಲ. ಕಬ್ಬಿನ ಸಕ್ಕರೆ ಬಿದ್ದ ಜಾಮ್ ‘ಕೆನಡಾದ ಉತ್ಪನ್ನ’ ಆಗದೆ ಹೋಯಿತು! ಶೇ. 51 ಸಡಿಲವಾಗಿದ್ದರೆ ಶೇ. 98 ಬಲು ಬಿಗಿ. 2019ರಲ್ಲಿ ಅಲ್ಲಿನ ಆಹಾರ ತಪಾಸಣಾ ಸಂಸ್ಥೆಯೇ ಇದನ್ನು ಶೇ. 85ಕ್ಕೆ ಇಳಿಸಬಹುದೇ ಎಂದು ಜನರ ಅಭಿಪ್ರಾಯ ಕೇಳಿತು. ಇಂಥ ತೊಡಕುಗಳನ್ನು ಜಾಮ್ ಮಾಡುವವನ ಬಾಯಿಂದಲೇ ಹೊರಡಿಸುವ ಜಾಗ ಸಮಿತಿಯ ಕೊಠಡಿ.

ಆದ್ದರಿಂದ ಘೋಷಣೆ ಬಂದ ದಿನ ಕೈಚೆಲ್ಲಿ ಕೂರದೆ ಅದರ ಪೂರ್ತಿ ಪಠ್ಯ ತರಿಸಿಕೊಂಡು ಓದು. ಪ್ರಸ್ತಾಪವೋ ಆದೇಶವೋ, ಕಾನೂನೋ ಬರೀ ಮಾರ್ಗಸೂಚಿಯೋ, ಯಾವತ್ತಿನಿಂದ ಜಾರಿ — ಕೆಂಪು ಶಾಯಿಯಲ್ಲಿ ಗುರುತು ಹಾಕಿಕೋ. ಮಾರನೆಯ ದಿನಕ್ಕೆ ಕರೆಸಿದ ಸಾಕ್ಷಿಗಳಿಗೆ ಫೋನ್ ಮಾಡಿ ‘ಬರುವುದು ಬೇಡ’ ಎನ್ನಬೇಡ. ಕೆಲಸ ಬಿಟ್ಟು ಬರುವ ರೈತನನ್ನು ಬರಮಾಡಿಕೊಂಡು, ಈ ಹೊಸ ನಿಯಮದಲ್ಲಿ ನಿನ್ನ ಪಾಡೇನು ಎಂದು ಕೇಳಲು ಸದಸ್ಯರಿಗೆ ಪ್ರಶ್ನೆ ಬರೆದುಕೊಡು. ಹಳೆಯ ಪ್ರಶ್ನೆಪಟ್ಟಿ ಹರಿದುಹಾಕಬೇಕಾದೀತು, ಹರಿದುಹಾಕು. ವರದಿಯಲ್ಲಿ ‘ಸ್ವಾಗತಿಸುತ್ತೇವೆ’ ಎಂಬ ಒಂದೇ ಮಾತಿಗೆ ನಿಲ್ಲಿಸಲು ಯಾರಾದರೂ ಹೇಳಿದರೆ, ಸಾಕ್ಷಿಗಳು ಹೇಳಿದ್ದಕ್ಕೂ ಘೋಷಣೆಗೂ ಎಲ್ಲಿ ಹೊಂದುವುದಿಲ್ಲ ಎಂಬ ಪುಟವನ್ನು ವಿನಯವಾಗಿ ಮುಂದಿಡು.

ಇನ್ನೊಂದು. ಅಲ್ಲಿನ ಸದನದ ನಿಯಮದಂತೆ, ಸಮಿತಿ ಕೇಳಿಕೊಂಡರೆ ಸರಕಾರ 120 ದಿನದೊಳಗೆ ವರದಿಗೆ ಸಮಗ್ರ ಉತ್ತರ ಮಂಡಿಸಬೇಕು. ಕೇಳದಿದ್ದರೆ ಆ ಗಡುವೂ ಇಲ್ಲ. ಕರಡು ಅಧ್ಯಕ್ಷರ ಮೇಜಿಗೆ ಹೋಗುವ ಮೊದಲು ಆ ಕೋರಿಕೆಯ ಸಾಲು ಇದೆಯೇ ಎಂದು ನೋಡಿಕೋ.

ನಿನ್ನ ದೊಡ್ಡಪ್ಪ